ಹೆದ್ದಾರಿ ಬಿಟ್ಟುಹೋದ ಪೇಟೆ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ರಸ್ತೆಯಲ್ಲಿ ರಾಮನಗರವನ್ನು ದಾಟಿ, ಕೆಂಗಲ್ಲಿನ ಆಂಜನೇಯನಿಗೆ ಕೈಮುಗಿದು ಮುಂದೆ ಸಾಗಿದವರಿಗೆ ಚನ್ನಪಟ್ಟಣ ಬಂತೆಂಬುದನ್ನು ಮೈಲಿಗಲ್ಲು ಹೇಳಬೇಕಾಗಿರಲಿಲ್ಲ. ರಸ್ತೆಯ ಉಭಯ ಪಾರ್ಶ್ವಗಳಲ್ಲಿಯೂ ಅಂಗಡಿಗಳ ಮುಂದೆ ಸಾಲುಗೊಂಡು ನಿಂತು, ಹಳದಿ ಕೆಂಪುಗಳ ಮೆರುಗಿನಿಂದ ಬಿಸಿಲಿಗೆ ಹೊಳೆಯುತ್ತಿದ್ದ ಮರದ ಕುದುರೆಗಳೇ ಅದನ್ನು ಸಾರುತ್ತಿದ್ದುವು. ಕಾರಿನಲ್ಲಿ ಕುಳಿತ ಮಗು ಹಟ ಹಿಡಿಯುವುದು, ತಂದೆ ಗಾಡಿ ನಿಲ್ಲಿಸುವುದು, ತಾಯಿ ಬುಗುರಿಯೊಂದನ್ನು ಅಂಗೈಯಲ್ಲಿ ತಿರುಗಿಸಿ ನೋಡುತ್ತ ಬೆಲೆ ಇಳಿಸಲು ಮಾತಿಗಾರಂಭಿಸುವುದು, ಇದು ಬಹುಕಾಲ ಆ ಪೇಟೆಯ ನಿತ್ಯವಿಧಿಯಾಗಿತ್ತು.

2023ನೆಯ ಇಸವಿ ಮಾರ್ಚ್ 12ರಂದು ದಶಪಥ ಹೆದ್ದಾರಿ ಲೋಕಾರ್ಪಣೆಯಾಯಿತು. ಬಿಡದಿಯನ್ನು ಬಿಟ್ಟು, ರಾಮನಗರ ಚನ್ನಪಟ್ಟಣಗಳನ್ನು ದೂರದಿಂದಲೇ ಬಳಸಿ, ಮದ್ದೂರು ಮಂಡ್ಯಗಳ ಮೇಲೂ ಕಣ್ಣು ಹಾಯಿಸದೆ ಅದು ಮೈಸೂರನ್ನು ಸೇರುತ್ತದೆ. ಪ್ರಯಾಣಿಕನಿಗೆ ಅದರಿಂದಾದ ಸೌಕರ್ಯವನ್ನು ಅಲ್ಲಗಳೆಯಲಾಗದು. ಆದರೆ ಊರಿನ ಬೆನ್ನ ಹಿಂದೆ ವಾಹನಗಳ ಪ್ರವಾಹ ಮೊರೆಯುತ್ತಿರಲು, ಎದುರಿನ ಹಳೆಯ ರಸ್ತೆಗೆ ಮುಖವಿಟ್ಟು ಕುಳಿತ ವರ್ತಕನ ಪಾಡನ್ನು ನೋಡಿದಾಗ ನನ್ನ ಮನಸ್ಸಿಗೆ ಆಗುವ ವ್ಯಥೆಯನ್ನೂ ಮುಚ್ಚಿಡಲಾರೆ.

ಈ ಪೇಟೆಗೆ ಇಂಥ ಪರಿವರ್ತನೆ ಮೊದಲನೆಯದಲ್ಲ. ಜಗದೇವರಾಯನ ವಂಶದ ಪಾಳೆಯಪಟ್ಟಿಗೆ ರಾಜಧಾನಿಯಾಗಿ, ಹದಿನೇಳನೆಯ ಶತಮಾನದಲ್ಲಿ ಮೈಸೂರು ಅರಸರ ಕೈಸೇರಿದ ಈ ಊರಿಗೆ, ಟಿಪ್ಪುವಿನ ಪತನಾನಂತರ 1800ರಲ್ಲಿ ಕುಂಪಣಿ ಸರ್ಕಾರದ ಆಜ್ಞೆಯಂತೆ ದೇಶವನ್ನು ಸಮೀಕ್ಷಿಸಲು ಹೊರಟ ಫ್ರಾನ್ಸಿಸ್ ಬುಕಾನನ್ ಬಂದಾಗ, ಅವನ ಗಮನವನ್ನು ಸೆಳೆದ ಕಸುಬುಗಳಲ್ಲಿ ಗಾಜಿನ ಬಳೆ, ಬಿಳಿಯ ಸಕ್ಕರೆ, ತಂತಿವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿ ಇವು ಮುಖ್ಯವಾದುವು. ಇಲ್ಲಿ ಎಳೆದ ತಂತಿಗೆ ದೂರದ ಪ್ರಾಂತಗಳಲ್ಲಿಯೂ ಬೇಡಿಕೆಯಿತ್ತು. ಆ ತಂತಿ ಮಾರುತ್ತಿದ್ದ ಅಂಗಡಿ ಯಾವ ಓಣಿಯಲ್ಲಿತ್ತೆಂದು ಇಂದು ಕೇಳಿದರೆ ತೋರಿಸಬಲ್ಲವರು ನನಗೆ ಸಿಕ್ಕಿಲ್ಲ. ಮುಂದೆ 1880ರ ದಶಕದಲ್ಲಿ ರೈಲು ಬಂತು, ಆ ಬಳಿಕ ಮೋಟಾರು ಬಂತು; ಕೋಟೆಯೊಳಗೆ, ಪೇಟೆಯೊಳಗೆ ಇದ್ದ ವ್ಯಾಪಾರ ಮೆಲ್ಲಮೆಲ್ಲನೆ ಹೊರಗೆ ಬಂದು ಹೆದ್ದಾರಿಯ ಅಂಚಿಗೆ ಕುಳಿತುಕೊಂಡಿತು. ರಸ್ತೆಯನ್ನು ನಂಬಿ ಬಂದುದು ರಸ್ತೆ ಸರಿದಾಗ ನಿರಾಶ್ರಿತವಾಯಿತು.

ಗೊಂಬೆಯ ಕಸುಬಾದರೋ ಇಂದಿಗೂ ಊರೊಳಗಿನ ಓಣಿಗಳಲ್ಲಿಯೇ ಜೀವಿಸಿದೆ. ಅದನ್ನು ಹತ್ತಿರ ಕುಳಿತು ನೋಡಬೇಕು. ಒಣಗಿಸಿದ ಆಲೆಮರದ ತುಂಡನ್ನು ಲೇತಿಗೆ ಸಿಕ್ಕಿಸಿ, ಉಳಿಯನ್ನು ತಾಗಿಸುತ್ತಲೂ ಬೆಳ್ಳನೆಯ ಸಿಪ್ಪೆ ಸುರುಳಿ ಸುರುಳಿಯಾಗಿ ಕೆಲಸಗಾರನ ಮಡಿಲಿಗೆ ಸುರಿಯುತ್ತದೆ. ದುಂಡಗಾದ ಮರ ಗಿರ್ರನೆ ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿದರೆ, ಘರ್ಷಣೆಯ ಕಾವಿಗೆ ಅರಗು ತಾನೇ ಕರಗಿ ಮರದ ಮೈಗೆ ಹತ್ತುತ್ತದೆ. ಕಡೆಗೆ ಕೇದಗೆಯ ಗರಿಯನ್ನು ಹಿಡಿದು ಉಜ್ಜಿದಾಗ, ಮಂಕಾಗಿದ್ದ ಕೆಂಪು ಕಣ್ಣೆದುರಿಗೇ ಕನ್ನಡಿಯಾಗುತ್ತದೆ. ಕುಂಚವಿಲ್ಲ, ಬಣ್ಣದ ಡಬ್ಬಿಯಿಲ್ಲ. ಕಳೆದ ಶತಮಾನದ ಆದಿಭಾಗದಲ್ಲಿ ಈ ಕಸುಬನ್ನು ಸುಧಾರಿಸಿದ ಬಾವಾಸ್ ಮಿಯಾನರ ಹೆಸರನ್ನು ಇಲ್ಲಿಯವರು ಇಂದಿಗೂ ಗೌರವದಿಂದ ನೆನೆಯುತ್ತಾರೆ. ಭೌಗೋಳಿಕ ಗುರುತಿನ ಮಾನ್ಯತೆಯೂ ಈ ಗೊಂಬೆಗಳಿಗೆ ದೊರೆತಿದೆ. ಆದರೂ ರಸ್ತೆಬದಿಯ ಅಂಗಡಿಗಳಲ್ಲಿ ಪ್ಲಾಸ್ಟಿಕ್ಕಿನ ಆಟಿಕೆಗಳು ಅದೇ ಹಲಗೆಯ ಮೇಲೆ ಅದೇ ಗೊಂಬೆಗಳ ಮಗ್ಗುಲಿಗೆ ಬಂದು ಕುಳಿತಿವೆ; ಅದು ನನಗೆ ಸಹಿಸಲಾಗದ ನೋಟ.

ಇದೇ ಹಳೆಯ ರಸ್ತೆಯ ಹೋಟೆಲುಗಳ ಕಥೆ ಒಂದೊಂದು ಊರಿನಲ್ಲಿ ಒಂದೊಂದು ಬಗೆ. ಬಿಡದಿಯಲ್ಲಿ ಅಗಲವಾದ ತಟ್ಟೆಗಳಲ್ಲಿ ಬೆಂದು, ಮೇಲೊಂದು ಬೆಣ್ಣೆಯ ಮುದ್ದೆಯನ್ನು ಹೊತ್ತು ಬರುವ ಇಡ್ಲಿ ದಾರಿಹೋಕರಿಂದಲೇ ಪ್ರಸಿದ್ಧಿಗೆ ಬಂದುದು. ಆದರೆ ಕೈಗಾರಿಕೆಗಳು ಅಲ್ಲಿ ನೆಲೆನಿಂತ ಮೇಲೆ, ಬಡಾವಣೆಗಳು ಹಬ್ಬಿದ ಮೇಲೆ, ಅಲ್ಲಿಗೆ ಬೇರೊಂದು ಜನವೂ ಬೇರೊಂದು ರುಚಿಯೂ ಬಂದಿವೆ. ಗಾಜಿನ ಬಾಗಿಲಿನ, ತಂಪುಹವೆಯ ಕಾಫಿಮಂದಿರಗಳಲ್ಲಿ ಒಂದು ಲೋಟ ಕಾಫಿಗೆ ಕೊಡುವ ಹಣದಲ್ಲಿ ಹಳೆಯ ಹೋಟೆಲಿನಲ್ಲಿ ಇಬ್ಬರು ಹೊಟ್ಟೆತುಂಬ ತಿಂಡಿ ತಿಂದಾರು. 2025ರಲ್ಲಿ ರಾಮನಗರ ಜಿಲ್ಲೆಗೇ ಬೆಂಗಳೂರು ದಕ್ಷಿಣವೆಂದು ನಾಮಕರಣವಾದ ಮೇಲೆ ನಿವೇಶನದ ಮಾತು ಇನ್ನಷ್ಟು ಜೋರಾಗಿದೆ. ನೆಲದ ಬೆಲೆ ಏರಿದ ಕಡೆ ಬಾಡಿಗೆ ಏರದಿರುತ್ತದೆಯೆ? ರಾಮನಗರದ ಬಳಿ, ಎಚ್. ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕದ ಮಗ್ಗುಲಲ್ಲಿ ಜೋಳದ ರೊಟ್ಟಿಯೂಟಕ್ಕೆ ನಿಲ್ಲುತ್ತಿದ್ದವರೂ ಈಗ ಬೇಕೆಂದೇ ಹೊಸ ದಾರಿಯಿಂದ ಇಳಿದು ಬರಬೇಕು.

ಆದರೆ ಅದೇ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಸುತ್ತಣ ಚಿಕ್ಕ ಹೋಟೆಲುಗಳಿಗೆ ಹೆದ್ದಾರಿಯ ಹಂಗು ಎಂದೂ ಇರಲಿಲ್ಲ. ಗೂಡು ತಂದ ರೈತನೂ ಕೊಳ್ಳಲು ಬಂದ ನೂಲು ಬಿಚ್ಚುವವನೂ ಊರನ್ನು ಹಾದುಹೋಗುವವರಲ್ಲ, ಊರಿಗೇ ಬರುವವರು. ಅವರಿಗೆ ಬೆಳಗಿನ ಹೊತ್ತಿಗೆ ಬಿಸಿ ಟೀ ಬೇಕು, ಹರಾಜು ಮುಗಿದ ಮೇಲೆ ಮುದ್ದೆ ಸಾರು ಬೇಕು. ಈ ಭೇದವನ್ನು ಕಂಡ ಮೇಲೆ, ಚನ್ನಪಟ್ಟಣದ ಗೊಂಬೆಯಂಗಡಿಯ ಕಷ್ಟ ಎಲ್ಲಿದೆಯೆಂಬುದು ನನಗೆ ಸ್ಪಷ್ಟವಾಯಿತು: ಊರ ಕೈಗಳು ಮಾಡಿದ ವಸ್ತುವನ್ನು ಊರವರಿಗಿಂತ ಹೆಚ್ಚಾಗಿ ಪರಸ್ಥಳದವರು ಕೊಳ್ಳುತ್ತಿದ್ದರು.

2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೂ ಆಟೋ, ಟ್ರ್ಯಾಕ್ಟರುಗಳಿಗೂ ಹೊಸ ಹೆದ್ದಾರಿಯಲ್ಲಿ ಪ್ರವೇಶ ನಿಷಿದ್ಧವಾದುದರಿಂದ, ಹಳೆಯ ರಸ್ತೆ ಈಗ ಸುತ್ತಣ ಹಳ್ಳಿಗಳವರ ರಸ್ತೆ. ಒಂದು ಮಧ್ಯಾಹ್ನ, ಹಿಂಬದಿಗೆ ಗೂಡಿನ ಬರಿಯ ಕ್ರೇಟುಗಳನ್ನು ಕಟ್ಟಿಕೊಂಡು ರಾಮನಗರದ ಕಡೆಯಿಂದ ಬಂದ ರೈತನೊಬ್ಬನು ಗೊಂಬೆಯಂಗಡಿಯ ಮುಂದೆ ಬೈಕು ನಿಲ್ಲಿಸಿದನು. ಮರದ ಕುದುರೆಯ ಬೆನ್ನನ್ನು ಒಮ್ಮೆ ಸವರಿ, ಅದರ ಬೆಲೆ ಕೇಳಿ ಸುಮ್ಮನಾಗಿ, ಒಂದು ಗಿಲಕಿಯನ್ನು ಆರಿಸಿ ಕಿವಿಯ ಬಳಿ ಹಿಡಿದು ಅಲ್ಲಾಡಿಸಿದನು. ಅಂಗಡಿಯಾತ ಅದನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿಕೊಟ್ಟು, ಕುದುರೆಯ ಮೇಲೆ ಕುಳಿತಿದ್ದ ಧೂಳನ್ನು ವಸ್ತ್ರದಿಂದ ಒರೆಸಿ, ಅದರ ಮುಖವನ್ನು ಮತ್ತೆ ರಸ್ತೆಯ ಕಡೆಗೆ ತಿರುಗಿಸಿ ನಿಲ್ಲಿಸಿದನು.