ಕಾಶಿಯ ಕೊಳದಿಂದ ಚೀನದ ಕಥೆಗೆ

ಚೀನೀ ಸಾಹಿತ್ಯದಲ್ಲಿ ಅಮರತ್ವದ ಸಾಧನೆಯನ್ನೇ ವಸ್ತುವಾಗುಳ್ಳ ಅದ್ಭುತ ಕಥೆಗಳದೊಂದು ದೀರ್ಘ ಪರಂಪರೆಯಿದೆ. ಅವುಗಳಲ್ಲಿ ಸಾಧಕನಿಗೆ ಎರಡು ವಿಘ್ನಗಳು: ಕಣ್ಣೆದುರಿನ ಮಾಯೆ, ಮಗ್ಗುಲಲ್ಲಿರುವ ಜೊತೆಗಾರ. ಇವೆರಡೂ ಕೂಡಿಬಂದ ಪ್ರಾಚೀನ ಕಥೆಯೊಂದು ಭಾರತದಿಂದಲೇ ಅಲ್ಲಿಗೆ ಹೋಯಿತೆಂಬುದನ್ನು ನಾವು ಇಲ್ಲಿ ನೋಡೋಣ.

ಇಮ್ಮಡಿ ಪುಲಕೇಶಿಯ ರಾಜ್ಯವನ್ನು ವರ್ಣಿಸಿದ ಯಾತ್ರಿಕ ಹ್ಯೂಯೆನ್‌ತ್ಸಾಂಗನನ್ನು ನಮ್ಮ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಆತನು 646ರಲ್ಲಿ ಮುಗಿಸಿದ ಪ್ರವಾಸಗ್ರಂಥದಲ್ಲಿ, ವಾರಾಣಸಿಯ ಮೃಗದಾವದ ಬಳಿಯಿದ್ದ ಬತ್ತಿದ ಕೊಳವೊಂದರ ಐತಿಹ್ಯವನ್ನು ಬರೆದಿಟ್ಟಿದ್ದಾನೆ. ಅಲ್ಲಿದ್ದ ತಪಸ್ವಿಯೊಬ್ಬನಿಗೆ ಅಮರನಾಗಲು ಒಬ್ಬ ಧೀರನ ನೆರವು ಬೇಕಾಗಿತ್ತು. ಐದು ವರ್ಷ ದುಡಿದು, ಅಲ್ಪ ತಪ್ಪಿಗಾಗಿ ಏಟು ತಿಂದು, ಕೂಲಿಯನ್ನೂ ಕಳೆದುಕೊಂಡು ಅಳುತ್ತಿದ್ದ ಆಳೊಬ್ಬನಿಗೆ ಆತನು ಅನ್ನ, ವಸ್ತ್ರ, 500 ಹೊನ್ನುಗಳನ್ನಿತ್ತನು. ಋಣ ತೀರಿಸುವ ಬಗೆಯನ್ನು ಆಳು ಕೇಳಲು, ಒಂದು ಇರುಳು ಮೌನವಾಗಿರಬೇಕೆಂದಷ್ಟೇ ತಪಸ್ವಿಯು ಬೇಡಿದನು.

ಆ ಇರುಳು ಆಳಿಗೆ ಮಾಯೆ ಕವಿಯಿತು. ಹಳೆಯ ಒಡೆಯನು ಬಂದು ಮಾತನಾಡಿಸಿದನು, ಕೊಂದನು. ಆಳು ತುಟಿ ಬಿಚ್ಚಲಿಲ್ಲ. ದಕ್ಷಿಣ ಭಾರತದ ಬ್ರಾಹ್ಮಣಕುಲದಲ್ಲಿ ಮತ್ತೆ ಹುಟ್ಟಿ 65 ವರ್ಷ ಮೂಕನಂತೆ ಬಾಳಿದನು. ಕೊನೆಗೆ ಹೆಂಡತಿಯು, “ಮಾತನಾಡದಿದ್ದರೆ ಮಗುವನ್ನು ಕೊಲ್ಲುವೆನು” ಎನ್ನಲು ಕೂಗಿಬಿಟ್ಟನು. ಆಕಾಶದಿಂದ ಬೆಂಕಿ ಸುರಿಯಿತು, ಸಾಧನೆ ಕೆಟ್ಟಿತು. ತಪಸ್ವಿಯು ಅವನನ್ನು ಕೊಳಕ್ಕೆಳೆದು ಉಳಿಸಿ, ತಪ್ಪು ತನ್ನದೆಂದನು. ಋಣ ತೀರಲಿಲ್ಲವೆಂಬ ಕೊರಗಿನಲ್ಲಿಯೇ ಆಳು ಪ್ರಾಣ ಬಿಟ್ಟನು.

ತಾಂಗ್ ವಂಶದ ಕಾಲದ ‘ತು ತ್ಸುಚುನ್’ ಕಥೆಯು ಇದರ ರೂಪಾಂತರ. ಅಲ್ಲಿ ಆಳಿನ ಸ್ಥಾನದಲ್ಲಿ ದುಂದುಗಾರನೊಬ್ಬನಿದ್ದಾನೆ. ತಪಸ್ವಿಯ ಸ್ಥಾನದಲ್ಲಿ, ಅವನಿಗೆ ಮೂರು ಸಲ ಧನವಿತ್ತ ತಾವೋ ಮತದ ಸಾಧಕನಿದ್ದಾನೆ. ಹೆಣ್ಣಾಗಿ ಮರುಹುಟ್ಟು ಪಡೆದ ತ್ಸುಚುನ್, ಗಂಡನು ಮಗುವನ್ನು ಕಲ್ಲಿಗೆ ಅಪ್ಪಳಿಸಿದಾಗ “ಅಯ್ಯೋ” ಎಂದುಬಿಡುತ್ತಾನೆ. ಆದರೆ ಇಲ್ಲಿ ಸಾಧಕನು ತಪ್ಪನ್ನು ತನ್ನ ಮೇಲೆ ಹೊತ್ತುಕೊಳ್ಳುವುದಿಲ್ಲ. ಕೋಪ, ಭಯ, ಆಸೆಗಳನ್ನು ಗೆದ್ದವನು ವಾತ್ಸಲ್ಯವನ್ನು ಗೆಲ್ಲಲಿಲ್ಲವೆಂದು ಹೇಳಿ ಅವನನ್ನು ಕಳುಹಿಸಿಬಿಡುತ್ತಾನೆ. ಇಂಥದೇ ಇನ್ನೊಂದು ಚೀನೀ ಕಥೆಗೆ ಹ್ಯೂಯೆನ್‌ತ್ಸಾಂಗನ ಗ್ರಂಥವೇ ಮೂಲವೆಂದು 9ನೆಯ ಶತಮಾನದ ವಿದ್ವಾಂಸ ತ್ವಾನ್ ಚೆಂಗ್‌ಷಿಯೇ ಸೂಚಿಸಿದ್ದುಂಟು.

ಈ ಪರಂಪರೆ ಬತ್ತಲಿಲ್ಲ. 1932ರಲ್ಲಿ ಹ್ವಾನ್‌ಚು ಲೌಚು ಎಂಬ ಕಾವ್ಯನಾಮದ ಲೇಖಕನು ಷು ಪರ್ವತದ ಖಡ್ಗವೀರರ ಧಾರಾವಾಹಿಯನ್ನು ಆರಂಭಿಸಿದನು. 2008ರಲ್ಲಿ ವಾಂಗ್ ಯು ಎಂಬ ಕಾವ್ಯನಾಮದಿಂದ ಹೊರಡತೊಡಗಿದ, ಸಾಮಾನ್ಯನೊಬ್ಬನ ಸಾಧನೆಯ ಕಾದಂಬರಿಯಲ್ಲಿ, ಬಡ ಹುಡುಗ ಹಾನ್ ಲಿಗೆ ವಿದ್ಯೆ ಕಲಿಸುವ ವೈದ್ಯನು ಅವನ ದೇಹವನ್ನೇ ಕಸಿಯಲು ಹೊಂಚಿರುತ್ತಾನೆ. ಹಿಂದೆ ಮಾಯೆಯು ಇರುಳಿನ ದೃಶ್ಯಗಳಲ್ಲಿತ್ತು. ಇಲ್ಲಿ ಗುರುವಿನ ದಯೆಯೇ ಮಾಯೆ.

ಕೊಟ್ಟವನ ಕೈಯಲ್ಲಿ ಯಾವ ಆಸೆ ಅಡಗಿದೆಯೆಂಬ ಪ್ರಶ್ನೆ ಮಾತ್ರ ಅಂದಿನಿಂದ ಇಂದಿನವರೆಗೂ ಒಂದೇ. ಋಣವು ಒಬ್ಬನ ಮೌನವನ್ನು ಕೊಳ್ಳಬಲ್ಲುದು, ಕರುಳನ್ನು ಕೊಳ್ಳಲಾರದು. ಪುಲಕೇಶಿಯ ಪಾಠದಲ್ಲಿ ಈ ಯಾತ್ರಿಕನ ಹೆಸರು ಬಂದಾಗ, ಉಪಾಧ್ಯಾಯರು ಕಾಶಿಯ ಕೊಳದ ಕಥೆಯನ್ನೂ ಮಕ್ಕಳಿಗೆ ಹೇಳುವರೆಂದು ನಾವು ನಂಬಿದ್ದೇವೆ.