ಪಗಾರ್ ಅಂದರೆ ಬೇಲಿ

ನಮ್ಮ ಧಾರವಾಡದ ಕಡೆ ಪಗಾರ ಅಂದರೆ ಸಂಬಳ. ಮುಂಬಯಿಯಲ್ಲೂ ಅಷ್ಟೇ. ಒಂದನೇ ತಾರೀಕು ಕೈಗೆ ಬಂದು ಹತ್ತನೇ ತಾರೀಕಿಗೆ ಮಾಯವಾಗುವಂಥದ್ದು. ಹಾಗಾಗಿ 1983ರಲ್ಲಿ ಸಿಂಗಾಪುರದ ರೈಲ್ವೆ ಸ್ಟೇಷನ್ನಿನ ಹೆಸರು ‘ತಂಜೊಂಗ್ ಪಗಾರ್’ ಅಂತ ಮೊದಲ ಸಲ ಕೇಳಿದಾಗ ನಗು ಬಂದಿತ್ತು. ನಾನು ಅಲ್ಲಿಗೆ ಹೊರಟಿದ್ದೂ ಪಗಾರದ ಸಲುವಾಗಿಯೇ! ಹಡಗು ರಿಪೇರಿಯ ಒಂದು ಕಂಪನಿಯಲ್ಲಿ ನನಗೆ ಇಂಟರ್‌ವ್ಯೂ ಇತ್ತು. ಮಲಯ್ ಭಾಷೆಯಲ್ಲಿ ತಂಜೊಂಗ್ ಅಂದರೆ ಭೂಶಿರ, ಪಗಾರ್ ಅಂದರೆ ಬೇಲಿ ಅನ್ನುವುದು ಗೊತ್ತಾದದ್ದು ಆಮೇಲೆ. ನಲವತ್ತೊಂದು ವರ್ಷ ಕಳೆದು, 2024ರಲ್ಲಿ ಹೆಂಡತಿಯನ್ನು ಕರೆದುಕೊಂಡು ಮತ್ತೆ ಅದೇ ಊರಿಗೆ ರೈಲಿನಲ್ಲೇ ಹೋಗಿ ಬಂದೆ. ಆ ಹೆಸರಿನ ಅರ್ಥ ಈ ಸಲ ಇನ್ನೂ ಸರಿಯಾಗಿ ತಿಳಿಯಿತು.

ಮೊದಲು ಆ ಹಳೆಯ ಪ್ರಯಾಣದ ಮಾತು. ಕೌಲಾಲಂಪುರದಲ್ಲಿ ನಮ್ಮ ಕಂಪನಿಯ ಕೆಲಸ ಮುಗಿಸಿ ರಾತ್ರಿ ಗಾಡಿ ಹತ್ತಿದ್ದೆ. ಬೆಳಗಾಗುವ ಹೊತ್ತಿಗೆ ಗಾಡಿ ಜೋಹೊರ್ ಬಾರು ಬಿಟ್ಟು, ಸಮುದ್ರದ ಮೇಲೆ ಹಾಕಿದ ಕಲ್ಲಿನ ಒಡ್ಡು ದಾಟಿ ಸಿಂಗಾಪುರದ ನೆಲಕ್ಕೆ ಬಂತು. ಇದನ್ನೇ ಕಾಸ್‌ವೇ ಅನ್ನುವುದು. ಅಲ್ಲಿಂದ ಊರಿನ ದಕ್ಷಿಣ ತುದಿಯವರೆಗೆ ಒಂಟಿ ಹಳಿ, ಅದೂ ಮೀಟರ್ ಗೇಜ್. ಕಣ್ಣು ಮುಚ್ಚಿ ಕೂತರೆ ನಮ್ಮ ಹುಬ್ಬಳ್ಳಿ-ಮಿರಜ ಗಾಡಿಯ ಅದೇ ಓಲಾಟ! ಎರಡೂ ಕಡೆ ಪೊದೆ, ಬಾಳೆಗಿಡ, ಮನೆಗಳ ಹಿತ್ತಿಲು. ಅಷ್ಟೊಂದು ಹೊಸ ಊರಿನೊಳಗೆ ಹೀಗೊಂದು ಹಳೆಯ ದಾರಿ ಹೇಗೆ ಉಳಿದಿದೆ ಅಂತ ಆಶ್ಚರ್ಯವಾಗಿತ್ತು.

ಸ್ಟೇಷನ್ ಕಟ್ಟಡ ಮಾತ್ರ ಭವ್ಯವಾಗಿತ್ತು. ಎತ್ತರದ ಕಮಾನು ಛಾವಣಿಯ ಹಾಲ್. ಗೋಡೆಗಳ ಮೇಲೆ ಭತ್ತದ ನಾಟಿ, ರಬ್ಬರ್ ಮರದಿಂದ ಹಾಲು ಇಳಿಸುವುದು, ತವರದ ಗಣಿ, ಎತ್ತಿನ ಗಾಡಿ ಹೀಗೆ ಮಲಯಾದ ಬದುಕಿನ ದೊಡ್ಡ ದೊಡ್ಡ ಚಿತ್ರಗಳು. ಹೊರಗೆ ಬಂದು ತಿರುಗಿ ನೋಡಿದರೆ ಗೋಡೆಗೆ ಆನಿಸಿದಂತೆ ನಾಲ್ಕು ಅಮೃತಶಿಲೆಯ ಮೂರ್ತಿಗಳು: ಕೃಷಿ, ವಾಣಿಜ್ಯ, ಸಾರಿಗೆ, ಕೈಗಾರಿಕೆ. ಇಟಲಿಯ ಶಿಲ್ಪಿ ರುಡೋಲ್ಫೊ ನೊಲ್ಲಿಯ ಹೆಸರಿನಲ್ಲಿ ಅವು ಪ್ರಸಿದ್ಧ. ನನಗೆ ತಕ್ಷಣ ನೆನಪಾದದ್ದು ನಮ್ಮ ವಿ.ಟಿ. ಸ್ಟೇಷನ್. ಅಲ್ಲಿಯೂ ಮೇಲೆ ಕೃಷಿ, ವಾಣಿಜ್ಯ, ಎಂಜಿನಿಯರಿಂಗ್ ಅಂತ ಮೂರ್ತಿಗಳಿವೆ. 1974ರಲ್ಲಿ ಧಾರವಾಡದಿಂದ ಮಿರಜಿಗೆ ಬಂದು, ಟ್ರಂಕು ಹೊತ್ತುಕೊಂಡು ಬ್ರಾಡ್‌ಗೇಜ್ ಗಾಡಿಗೆ ಬದಲಾಯಿಸಿ, ಮರುದಿನ ವಿ.ಟಿ.ಯಲ್ಲಿ ಇಳಿದು ಬಾಯಿಬಿಟ್ಟು ನಿಂತವನು ನಾನು. ಸಿಂಗಾಪುರದಲ್ಲೂ ಹಾಗೆಯೇ ನಿಂತೆ.

ಆ ಮೂರ್ತಿಗಳ ಮೇಲೆ ಎಫ್, ಎಂ, ಎಸ್, ಆರ್ ಅಂತ ಅಕ್ಷರಗಳಿದ್ದವು. ‘ಎಸ್’ ಅಂದರೆ ಸಿಂಗಾಪುರ ಅಂದುಕೊಂಡೆ. ಚಹಾ ಅಂಗಡಿಯ ತಮಿಳು ಮುದುಕಪ್ಪನನ್ನು ನನ್ನ ಹರಕು ತಮಿಳಿನಲ್ಲಿ ಕೇಳಿದರೆ, ಆತ ನಕ್ಕು, ‘ಫೆಡರೇಟೆಡ್ ಮಲಯ್ ಸ್ಟೇಟ್ಸ್ ರೈಲ್ವೇಸ್. ಇದು ಮಲಯಾದ ಸ್ಟೇಷನ್ ತಂಬಿ. ಗೇಟು ದಾಟಿದರೆ ಸಿಂಗಾಪುರ’ ಅಂದ. ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ. ಆತ ಹೇಳಿದ್ದರಲ್ಲಿ ಮುಕ್ಕಾಲು ಪಾಲು ನಿಜವಿತ್ತು.

ಅದು ಹೇಗೆ ಅಂತೀರಾ? ಸ್ವಲ್ಪ ಹಿಂದೆ ಹೋಗಬೇಕು. ಸಿಂಗಾಪುರದಲ್ಲಿ ರೈಲು ಶುರುವಾದದ್ದು 1903ರಲ್ಲಿ. ಅದು ದ್ವೀಪದೊಳಗಿನ ಸಣ್ಣ ದಾರಿ. ಉತ್ತರದ ದಂಡೆಯಲ್ಲಿ ಇಳಿದು, ದೋಣಿ ಹತ್ತಿ ಜೋಹೊರ್ ಸೇರಬೇಕಿತ್ತು. 1913ರಲ್ಲಿ ಈ ರೈಲನ್ನು ಮಲಯ್ ರಾಜ್ಯಗಳ ರೈಲ್ವೆ ಕೊಂಡುಕೊಂಡಿತು. 1918ರ ಕಾನೂನಿನ ಪ್ರಕಾರ ರೈಲ್ವೆಯ ಬಹುಪಾಲು ಜಮೀನು 999 ವರ್ಷಗಳ ಲೀಸಿನ ಮೇಲೆ ಅದರ ಕೈಗೆ ಹೋಯಿತು. ಎರಡೂ ಕಡೆ ಬ್ರಿಟಿಷರದೇ ರಾಜ್ಯ. ಈ ಕಿಸೆಯಿಂದ ಆ ಕಿಸೆಗೆ ಹಾಕಿದಂತೆ. ಯಾರಿಗೂ ಅದರಲ್ಲಿ ತಪ್ಪು ಕಾಣಿಸಲಿಲ್ಲ. 1923ರಲ್ಲಿ ಕಾಸ್‌ವೇ ಮೇಲೆ ಗಾಡಿ ಓಡಾಟ ಶುರುವಾಯಿತು. 1932ರ ಮೇ ತಿಂಗಳಲ್ಲಿ ಗವರ್ನರ್ ಸೆಸಿಲ್ ಕ್ಲೆಮೆಂಟಿ ಬಂದರಿನ ಪಕ್ಕದಲ್ಲಿ ಈ ದೊಡ್ಡ ಸ್ಟೇಷನ್ ಉದ್ಘಾಟಿಸಿದರು. ಒಳನಾಡಿನ ರಬ್ಬರು, ತವರ ನೇರವಾಗಿ ಹಡಗಿನ ಬಾಯಿಗೆ ಬರಬೇಕೆಂಬುದು ಲೆಕ್ಕಾಚಾರ.

1963ರಲ್ಲಿ ಸಿಂಗಾಪುರ ಮಲೇಶಿಯಾದ ಭಾಗವಾಯಿತು. ಎರಡೇ ವರ್ಷ! 1965ರ ಆಗಸ್ಟ್ 9ರಂದು ಬೇರೆಯಾಯಿತು. ಅಣ್ಣತಮ್ಮಂದಿರು ಪಾಲಾಗುವಾಗ ಮನೆ, ಹೊಲ ಎಲ್ಲ ಹಂಚಿ, ನಡುವಿನ ಕಾಲುದಾರಿ ಮಾತ್ರ ಅಣ್ಣನ ಹೆಸರಿನಲ್ಲೇ ಉಳಿದರೆ ಹೇಗಿರುತ್ತದೆ? ಹಾಗಾಯಿತು. ನೆಲ ಸಿಂಗಾಪುರ ದೇಶದ್ದು. ಹಳಿ, ಸ್ಟೇಷನ್, ಎರಡೂ ಬದಿಯ ಜಮೀನಿನ ಹಕ್ಕು ಮಲೇಶಿಯಾದ ರೈಲ್ವೆಯದು. ಅಂಗೈಯಗಲದ ದೇಶವನ್ನು ಉತ್ತರದಿಂದ ದಕ್ಷಿಣಕ್ಕೆ ಸೀಳಿಕೊಂಡು ನೆರೆಯವರ ರೈಲು ಓಡುತ್ತಿತ್ತು. ನಾನು 1983ರಲ್ಲಿ ನೋಡಿದ ಪೊದೆ, ಬಾಳೆಗಿಡಗಳ ಗುಟ್ಟು ಇದೇ. ಸುತ್ತಮುತ್ತ ಬಹುಮಹಡಿ ಕಟ್ಟಡ ಕಟ್ಟಿದವರಿಗೆ ಆ ಪಟ್ಟಿಯೊಳಗೆ ಕೈ ಹಾಕುವ ಹಾಗಿರಲಿಲ್ಲ.

ಆ ಸಲ ಇಂಟರ್‌ವ್ಯೂ ಚೆನ್ನಾಗಿಯೇ ಆಯಿತು. ಮುಂಬಯಿಗಿಂತ ಮೂರು ಪಟ್ಟು ಪಗಾರ. ಊರಿಗೆ ಕಾಗದ ಬರೆದೆ. ಅವ್ವ ಪಕ್ಕದ ಮನೆಯ ಹುಡುಗನ ಕೈಲಿ ಉತ್ತರ ಬರೆಸಿದ್ದಳು. ‘ಮುಂಬಯಿಂದಾದ್ರ ಒಂದ ರಾತ್ರಿಗೆ ಬರ್ತಿ. ಅಲ್ಲಿಂದ ರೈಲ್ ಐತೇನಪ್ಪಾ?’ ಅಷ್ಟೇ. ಬೇಡ ಅಂತ ಎಲ್ಲೂ ಬರೆಸಿರಲಿಲ್ಲ. ನಾನು ಕೆಲಸ ಒಪ್ಪಲಿಲ್ಲ. ಅವಳಿದ್ದ ಇನ್ನೂ ಒಂಬತ್ತು ವರ್ಷ, ಕರೆ ಬಂದಾಗಲೆಲ್ಲ ರಾತ್ರಿ ಗಾಡಿ ಹಿಡಿದು ಊರಿಗೆ ಓಡುತ್ತಿದ್ದೆ. ಆದರೂ ಆ ಮೂರು ಪಟ್ಟಿನ ಲೆಕ್ಕ ತಲೆಯಿಂದ ಪೂರ್ತಿ ಹೋಗಿರಲಿಲ್ಲ ಅನ್ನುವುದನ್ನು ಒಪ್ಪಿಕೊಳ್ಳಬೇಕು.

ಇನ್ನು 2024ರ ಪ್ರಯಾಣ. ಕೌಲಾಲಂಪುರದಿಂದ ಗೇಮಾಸ್ ಜಂಕ್ಷನ್‌ವರೆಗೆ ಹೊಸ ವಿದ್ಯುತ್ ಗಾಡಿ, ಅಲ್ಲಿಂದ ಜೋಹೊರ್ ಬಾರುವಿಗೆ ಆಗಿನ್ನೂ ಡೀಸೆಲ್ ಗಾಡಿ. ಗೇಮಾಸಿನಲ್ಲಿ ಗಾಡಿ ಬದಲಾಯಿಸುವಾಗ ಹೆಂಡತಿ, ‘ನಮ್ಮ ಮಿರಜ ಇದ್ದಂಗ ಐತಿ’ ಅಂದಳು. ನಿಜ. ಆದರೆ ಗೇಮಾಸಿಗೆ ಮಿರಜಿಗಿಲ್ಲದ ಒಂದು ಕಥೆಯಿದೆ. ಇಲ್ಲಿಂದ ಪೂರ್ವ ಕರಾವಳಿಯ ಕಡೆ ಕವಲೊಡೆಯುವ ದಾರಿಯ ದೊಡ್ಡದೊಂದು ಭಾಗದ ಹಳಿಗಳನ್ನು ಎರಡನೇ ಮಹಾಯುದ್ಧದಲ್ಲಿ ಜಪಾನಿಯರು ಕಿತ್ತು ಒಯ್ದರು, ಥಾಯ್ಲೆಂಡಿನಿಂದ ಬರ್ಮಾಕ್ಕೆ ಹಾಕುತ್ತಿದ್ದ ಮರಣ ರೈಲಿಗೆ. ಸಿಂಗಾಪುರದಲ್ಲಿ ಸೆರೆಸಿಕ್ಕ ಸಾವಿರಾರು ಸೈನಿಕರನ್ನು 1942ರಿಂದ ಸಾಮಾನಿನ ಡಬ್ಬಿಗಳಲ್ಲಿ ತುಂಬಿ ಇದೇ ದಾರಿಯಲ್ಲಿ ಉತ್ತರಕ್ಕೆ ಸಾಗಿಸಿದರು. ಮಲಯಾದ ರಬ್ಬರ್ ತೋಟಗಳಿಂದ ಹತ್ತಾರು ಸಾವಿರ ಕೂಲಿಗಳನ್ನೂ ಒಯ್ದರು. ಅವರಲ್ಲಿ ಹೆಚ್ಚಿನವರು ತಮಿಳರು. ಕಾಲರಾ, ಹಸಿವು, ಹೊಡೆತ. ಸೈನಿಕರಿಗಾದರೂ ಹೆಸರು ಕೆತ್ತಿದ ಸಮಾಧಿಗಳಿವೆ. ಈ ಕೂಲಿಗಳಲ್ಲಿ ಬಹುಪಾಲು ಜನರಿಗೆ ಅದೂ ಇಲ್ಲ. ‘ಅಲ್ಲಿಂದ ರೈಲ್ ಐತೇನಪ್ಪಾ’ ಅಂತ ಅವ್ವ ಕೇಳಿದ್ದಳಲ್ಲ, ನಮ್ಮ ದಿಕ್ಕಿಗೆ, ಬರ್ಮಾದವರೆಗೆ, 1943ರಲ್ಲಿ ಒಂದು ರೈಲು ಆಗಿತ್ತು. ಎಂಥ ರೈಲು!

ಜೋಹೊರ್ ಬಾರುವಿನಲ್ಲಿ ದೊಡ್ಡ ಗಾಡಿ ನಿಂತೇಬಿಡುತ್ತದೆ. ಅಲ್ಲಿ ಮಲೇಶಿಯಾದ ಮುದ್ರೆ ಒತ್ತಿಸಿಕೊಂಡು ಶಟಲ್ ಗಾಡಿ ಹತ್ತಿದೆವು. ಕಾಸ್‌ವೇ ದಾಟಲು ಐದೇ ನಿಮಿಷ. ಸೀಟಿಗೆ ಬ್ಯಾಗು ಇಟ್ಟು ಕೂರುವಷ್ಟರಲ್ಲಿ ವುಡ್‌ಲ್ಯಾಂಡ್ಸ್ ಬಂತು, ಮುಗಿಯಿತು. ಕಿಟಕಿಯಿಂದ ಪಕ್ಕದಲ್ಲಿ ಹೊಸ ಗಡಿ ಮೆಟ್ರೋದ ಸೇತುವೆ ಕಾಣುತ್ತಿತ್ತು. ಹಿಂದೆ ಗಾಡಿ ಸಿಂಗಾಪುರದ ಹೊಟ್ಟೆಯೊಳಗೆ ಹೋಗುತ್ತಿತ್ತು. ಈಗ ಹೊಸ್ತಿಲಲ್ಲೇ ಇಳಿಸುತ್ತದೆ.

ಇದಕ್ಕೆ ಕಾರಣ 1990ರಲ್ಲಿ ಲೀ ಕ್ವಾನ್ ಯೂ ಮತ್ತು ಮಲೇಶಿಯಾದ ದೈಮ್ ಜೈನುದ್ದೀನ್ ಸಹಿ ಮಾಡಿದ ಒಪ್ಪಂದ. ರೈಲನ್ನು ಊರೊಳಗಿಂದ ತೆಗೆದು, ಜಮೀನನ್ನು ಇಬ್ಬರೂ ಸೇರಿ ಅಭಿವೃದ್ಧಿ ಮಾಡುವುದೆಂದು. ಆದರೆ ಆ ಕಾಗದದ ಅರ್ಥವೇನು ಅನ್ನುವುದರ ಮೇಲೆಯೇ ಇಪ್ಪತ್ತು ವರ್ಷ ಜಗಳ. 1998ರಲ್ಲಿ ಸಿಂಗಾಪುರ ತನ್ನ ಪಾಸ್‌ಪೋರ್ಟ್ ತಪಾಸಣೆಯನ್ನು ವುಡ್‌ಲ್ಯಾಂಡ್ಸಿಗೆ ಒಯ್ದಿತು. ಮಲೇಶಿಯಾ ಮಾತ್ರ ತಂಜೊಂಗ್ ಪಗಾರ್ ಬಿಟ್ಟು ಕದಲಲಿಲ್ಲ. ಪರಿಣಾಮ ನೋಡಿ: ಉತ್ತರಕ್ಕೆ ಹೋಗುವವರು ಮೊದಲು ಮಲೇಶಿಯಾ ಪ್ರವೇಶದ ಶಾಸ್ತ್ರ ಮುಗಿಸಿ, ಗಾಡಿ ಹತ್ತಿ, ಆಮೇಲೆ ಸಿಂಗಾಪುರ ಬಿಡಬೇಕು! ಒಂದು ಮನೆ ಬಿಡುವ ಮೊದಲೇ ಇನ್ನೊಂದು ಮನೆ ಹೊಕ್ಕ ಹಾಗೆ. ಇದು ಹದಿಮೂರು ವರ್ಷ ನಡೆಯಿತು.

ಕೊನೆಗೆ 2010ರಲ್ಲಿ ಪ್ರಧಾನಿಗಳಾದ ಲೀ ಸಿಯೆನ್ ಲೂಂಗ್ ಮತ್ತು ನಜೀಬ್ ರಜಾಕ್ ಒಪ್ಪಂದಕ್ಕೆ ಬಂದರು. ರೈಲ್ವೆ ಜಮೀನಿಗೆ ಬದಲಾಗಿ ಊರ ಮಧ್ಯದಲ್ಲಿ ಆರು ಪ್ಲಾಟು, 60-40ರ ಪಾಲುದಾರಿಕೆಯಲ್ಲಿ, ದೊಡ್ಡ ಪಾಲು ಮಲೇಶಿಯಾಕ್ಕೆ. 2011ರ ಜೂನ್ 30ರ ರಾತ್ರಿ ತಂಜೊಂಗ್ ಪಗಾರಿನಿಂದ ಕೊನೆಯ ಗಾಡಿ ಹೊರಟಿತು. ಅದನ್ನು ನಡೆಸಿದ್ದು ಜೋಹೊರಿನ ಸುಲ್ತಾನ ಇಬ್ರಾಹಿಂ. ಕಾಸ್‌ವೇ ಶುರುವಾದಾಗ ಜೋಹೊರಿನ ಗಾದಿಯ ಮೇಲಿದ್ದವರು ಅವರ ಮುತ್ತಜ್ಜ. ಆ ರಾತ್ರಿ ಸಾವಿರಾರು ಜನ ಸೇರಿದ್ದರು. ಆಮೇಲೆ ಹಳಿ ಕಿತ್ತರು. ಈಗ ಅದು 24 ಕಿ.ಮೀ. ಉದ್ದದ ಹಸಿರು ಕಾಲುದಾರಿ.

ಬಸ್ಸು, ಮೆಟ್ರೋ ಬದಲಾಯಿಸಿ ಕೆಪೆಲ್ ರಸ್ತೆಗೆ ಬಂದೆವು. ಸ್ಟೇಷನ್ ಇದೆ. ರಾಷ್ಟ್ರೀಯ ಸ್ಮಾರಕವೆಂದು 2011ರಲ್ಲೇ ಘೋಷಿಸಿ ಉಳಿಸಿಕೊಂಡಿದ್ದಾರೆ. ಆದರೆ ನಾವು ಹೋದಾಗ ಸುತ್ತ ಬೇಲಿ! ಕೆಳಗೆ ಕ್ಯಾಂಟೋನ್‌ಮೆಂಟ್ ಅನ್ನುವ ಹೊಸ ಮೆಟ್ರೋ ಸ್ಟೇಷನ್ನಿನ ಕೆಲಸ ನಡೆದಿತ್ತು. ಒಳಗೆ ಬಿಡಲಿಲ್ಲ. ಎದುರಿನ ಫುಟ್‌ಪಾತಿನಿಂದಲೇ ನಾಲ್ಕು ಮೂರ್ತಿಗಳನ್ನು ತೋರಿಸಿದೆ. ಹೆಂಡತಿ ಸ್ವಲ್ಪ ಹೊತ್ತು ನೋಡಿ, ‘ಇದನ್ನ ನೋಡಾಕ ಇಷ್ಟ ದೂರ ಬಂದ್ವೇನ್ರೀ?’ ಅಂದಳು. ನಾನು ಏನು ಹೇಳಲಿ? ಆಮೇಲೆ ಅವಳೇ, ‘ಆಗ ಇಲ್ಲಿಗೆ ಬಂದಿದ್ರ ಅವ್ವನ ಮಣ್ಣಿಗೂ ಸಿಗ್ತಿರ್ಲಿಲ್ಲ ಬಿಡ್ರಿ’ ಅಂದಳು. ಮೂರು ಪಟ್ಟಿನ ಲೆಕ್ಕ ಅಲ್ಲಿಗೆ ಮುಗಿಯಿತು.

ಸಿಂಗಾಪುರದವರು ಮಾಡಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಸ್ವತಂತ್ರ ದೇಶಕ್ಕೆ ತನ್ನ ಎದೆಯ ನಡುವೆ ಬೇರೆಯವರ ಹಳಿ ಯಾಕೆ ಬೇಕು? ಮಲೇಶಿಯಾ ಸುಮ್ಮನೆ ಬಿಟ್ಟುಕೊಡಲಿಲ್ಲ, ಅದೂ ನ್ಯಾಯವೇ. ಆದರೆ ತೋಟದ ಕೂಲಿ, ಗುಮಾಸ್ತ, ನನ್ನಂಥ ಇಂಟರ್‌ವ್ಯೂ ಅಭ್ಯರ್ಥಿ, ಎಲ್ಲರೂ ಆ ಊರನ್ನು ಮೊದಲು ಕಂಡದ್ದು ಆ ನಾಲ್ಕು ಮೂರ್ತಿಗಳ ಕಾಲ ಕೆಳಗೆ ನಿಂತು. ಕೃಷಿ, ವಾಣಿಜ್ಯ, ಸಾರಿಗೆ, ಕೈಗಾರಿಕೆ ಎಲ್ಲಕ್ಕೂ ಮೂರ್ತಿ ಇದೆ. ಟ್ರಂಕು ಹೊತ್ತು ಇಳಿದವನಿಗೆ ಇಲ್ಲ. ನಮ್ಮ ವಿ.ಟಿ.ಯಲ್ಲೂ ಇಲ್ಲ.

ವಾಪಸು ಬಂದ ವಾರ ಲೋಕಲ್ ಹಿಡಿದು ವಿ.ಟಿ.ಗೆ ಹೋಗಿದ್ದೆ. ಹೆಸರು ಎರಡು ಸಲ ಬದಲಾಗಿದೆ, 1996ರಲ್ಲಿ ಮತ್ತು 2017ರಲ್ಲಿ. ನನ್ನ ಬಾಯಲ್ಲಿ ಮಾತ್ರ ಅದು ವಿ.ಟಿ.ಯೇ. ಹೊರಗಿನ ಗಾಡಿಗಳು ನಿಲ್ಲುವ ಕಡೆ ಒಬ್ಬ ಹುಡುಗ ಬ್ಯಾಗು ಇಳಿಸಿಕೊಂಡು, ಯಾವ ಕಡೆ ಹೋಗಬೇಕೆಂದು ತಿಳಿಯದೆ ಸುತ್ತ ನೋಡುತ್ತಿದ್ದ. ದಾದರ್ ಲೋಕಲ್ ಎಲ್ಲಿ ಸಿಗುತ್ತದೆ ಅಂತ ಹಿಂದಿಯಲ್ಲಿ ಕೇಳಿದ. ಹಿಂದಿಯಲ್ಲಿ ಕನ್ನಡದ ವಾಸನೆ ಇತ್ತು. ‘ಯಾವೂರು ತಮ್ಮಾ?’ ಅಂದೆ. ‘ಗದಗ ರೀ’ ಅಂದ. ಪ್ಲಾಟ್‌ಫಾರ್ಮಿನವರೆಗೆ ಜೊತೆಗೆ ಹೋಗಿ ಲೋಕಲ್ ಹತ್ತಿಸಿ ಬಂದೆ.