ಎದೆಹಾಲೂ ಬೇಕು, ರಾಗಿ ಸರಿಯೂ ಬೇಕು: ಆರು ತಿಂಗಳ ನಂತರದ ಲೆಕ್ಕ ಯಾರದ್ದು?

ಮಗುವಿಗೆ ಆರು ತಿಂಗಳು ತುಂಬುವ ಹೊತ್ತಿಗೆ ನಮ್ಮಲ್ಲಿ ಮೂರು ಸಂಗತಿಗಳು ಒಟ್ಟೊಟ್ಟಿಗೆ ನಡೆಯುತ್ತವೆ. ಒಂದು, ಮಗುವಿನ ಬಾಯಿಗೆ ಮೊದಲ ತುತ್ತು ಬೀಳುತ್ತದೆ. ಎರಡು, ಸಂಬಳ ಸಹಿತ ಹೆರಿಗೆ ರಜೆ ಸಿಕ್ಕ ತಾಯಿಯ 26 ವಾರಗಳು ಮುಗಿಯುತ್ತವೆ. ಮೂರು, ಬಾಣಂತಿಗೆ ಅಂಗನವಾಡಿಯಲ್ಲಿ ಕೊಡುತ್ತಿದ್ದ ಊಟ ನಿಲ್ಲುತ್ತದೆ. ಮೊದಲನೆಯದು ದೇಹದ ಅಗತ್ಯ. ಉಳಿದ ಎರಡು ಸರ್ಕಾರದ ತೀರ್ಮಾನ.

ಎದೆಹಾಲು ಮತ್ತು ಊಟ ಎರಡನ್ನೂ ಹೇಗೆ ಸರಿದೂಗಿಸೋದು ಅಂತ ಕೇಳುವ ತಾಯಿಗೆ ಸಿಗುವ ಉತ್ತರಗಳೆಲ್ಲ ಅಡುಗೆಮನೆಯವು. ಅವೂ ಬೇಕು. ನನ್ನ ಮಗನಿಗೆ ಈಗ ಒಂಬತ್ತು ತಿಂಗಳು. ಎಂಜಿನಿಯರಿಂಗ್ ಓದಿದ ಚಾಳಿ ಬಿಡದೆ ಮೂರು ತಿಂಗಳಿಂದ ಚಮಚ, ಕ್ಯಾಲೊರಿ ಅಂತ ಲೆಕ್ಕ ಹಾಕುತ್ತಿದ್ದೇನೆ. ಆ ಲೆಕ್ಕವನ್ನೂ, ಅಡುಗೆಮನೆಯ ಹೊರಗೆ ಅದು ಎಲ್ಲಿ ತಪ್ಪುತ್ತದೆ ಅನ್ನೋದನ್ನೂ ಇಲ್ಲಿ ಒಟ್ಟಿಗೆ ಇಡುತ್ತಿದ್ದೇನೆ.

ಆರು ತಿಂಗಳೇ ಏಕೆ?

ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮತ್ತು ನಮ್ಮ ಕೇಂದ್ರ ಸರ್ಕಾರ ಹೇಳೋದು ಒಂದೇ: ಮೊದಲ ಆರು ತಿಂಗಳು ಎದೆಹಾಲು ಮಾತ್ರ, ನೀರೂ ಬೇಡ. ಆರು ತಿಂಗಳು ತುಂಬಿದ ಮೇಲೆ ಊಟ ಶುರು. ಜೊತೆಗೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಎದೆಹಾಲು ಮುಂದುವರಿಯಬೇಕು.

ಕಾರಣ ಸರಳ. ಹುಟ್ಟುವಾಗ ತಾಯಿಯಿಂದ ಪಡೆದುಕೊಂಡ ಕಬ್ಬಿಣದ ದಾಸ್ತಾನು ಸುಮಾರು ಆರು ತಿಂಗಳಿಗೆ ಕರಗುತ್ತದೆ. ಎದೆಹಾಲಿನಲ್ಲಿ ಕಬ್ಬಿಣ ತೀರಾ ಕಡಿಮೆ. ಹಾಲೊಂದರಿಂದಲೇ ಸಿಗುವ ಶಕ್ತಿಯೂ ಬೆಳೆಯುವ ಮಗುವಿಗೆ ಸಾಲದಾಗುತ್ತದೆ. ಅಷ್ಟರೊಳಗೆ ಮಗುವಿನ ಕತ್ತು ನಿಂತಿರುತ್ತದೆ, ಆಸರೆ ಕೊಟ್ಟರೆ ಕೂರುತ್ತದೆ, ಬಾಯಿಗಿಟ್ಟದ್ದನ್ನು ನಾಲಿಗೆಯಿಂದ ಹೊರಗೆ ತಳ್ಳೋದು ಕಡಿಮೆಯಾಗಿರುತ್ತದೆ. ‘ಮಗು ನಮ್ಮ ತಟ್ಟೆ ನೋಡ್ತಿದೆ’ ಅಂತ ನಾಲ್ಕನೇ ತಿಂಗಳಿಗೇ ಶುರು ಮಾಡೋದೂ ಬೇಡ, ಶುಭ ದಿನ ಸಿಗಲಿ ಅಂತ ಅನ್ನಪ್ರಾಶನವನ್ನು ಎಂಟನೇ ತಿಂಗಳಿಗೆ ದೂಡೋದೂ ಬೇಡ.

ಬಿಡಿಸೋದಲ್ಲ, ಸೇರಿಸೋದು

ಇದಕ್ಕೆ ಸರ್ಕಾರಿ ಭಾಷೆಯಲ್ಲಿ ‘ಪೂರಕ ಆಹಾರ’ ಅಂತಾರೆ. ಪೂರಕ ಅಂದ್ರೆ ಇದ್ದದ್ದರ ಜೊತೆಗೆ ಸೇರುವಂಥದ್ದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ, ಸರಾಸರಿ ಪ್ರಮಾಣದಲ್ಲಿ ಎದೆಹಾಲು ಕುಡಿಯುವ ಮಗುವಿಗೆ ಊಟದಿಂದ ದಿನಕ್ಕೆ ಸಿಗಬೇಕಾದ ಶಕ್ತಿ ಹೀಗಿದೆ:

• 6–8 ತಿಂಗಳು: ಸುಮಾರು 200 ಕಿಲೋಕ್ಯಾಲೊರಿ. ದಿನಕ್ಕೆ 2–3 ಊಟ.
• 9–11 ತಿಂಗಳು: ಸುಮಾರು 300 ಕಿಲೋಕ್ಯಾಲೊರಿ. 3–4 ಊಟ.
• 12–23 ತಿಂಗಳು: ಸುಮಾರು 550 ಕಿಲೋಕ್ಯಾಲೊರಿ. 3–4 ಊಟ, ಬೇಕಾದರೆ ನಡುವೆ ಒಂದೆರಡು ಸಲ ತಿಂಡಿ.

ಏಳು ತಿಂಗಳ ಮಗುವಿಗೆ ದಿನಕ್ಕೆ ಒಟ್ಟು 600ರ ಆಸುಪಾಸು ಬೇಕು. ಅಂದ್ರೆ ಮೂರರಲ್ಲಿ ಎರಡು ಪಾಲು ಇನ್ನೂ ಹಾಲಿನಿಂದಲೇ ಬರಬೇಕು. ಒಂದು ವರ್ಷ ದಾಟಿದ ಮೇಲೂ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹಾಲಿನದ್ದೇ. ‘ಈಗ ಊಟ ಮಾಡುತ್ತಲ್ಲ, ಹಾಲು ಯಾಕೆ?’ ಅನ್ನುವವರಿಗೆ ಉತ್ತರ ಇದು.

ಮೊದಲು ಹಾಲೋ ಊಟವೋ? ಕಟ್ಟುನಿಟ್ಟಿನ ನಿಯಮ ಇಲ್ಲ. ಶುರುವಿನಲ್ಲಿ ಹಸಿದು ಅಳುವ ಮಗು ಚಮಚ ಕಂಡರೆ ಮುಖ ತಿರುಗಿಸುತ್ತದೆ. ಸ್ವಲ್ಪ ಹಾಲು ಕುಡಿಸಿ, ಆಮೇಲೆ ಎರಡು ಮೂರು ಚಮಚ ತಿನ್ನಿಸಿದರೆ ಸಾಕು. ಒಂಬತ್ತು–ಹತ್ತನೇ ತಿಂಗಳಿಂದ ಊಟ ಮೊದಲು, ಹಾಲು ಆಮೇಲೆ ಅಂತ ನಿಧಾನಕ್ಕೆ ಬದಲಾಯಿಸಬಹುದು. ಮಗು ಬಾಯಿ ಮುಚ್ಚಿದರೆ ಊಟ ಮುಗಿಯಿತು ಅಂತಲೇ ಅರ್ಥ. ಮೂಗು ಹಿಡಿದು ಸುರಿಯಬಾರದು. ಭೇದಿ, ಜ್ವರ ಬಂದಾಗ ಹಾಲು ನಿಲ್ಲಿಸಬಾರದು, ಇನ್ನಷ್ಟು ಸಲ ಕುಡಿಸಬೇಕು. ಊಟವನ್ನೂ ಸ್ವಲ್ಪ ಸ್ವಲ್ಪವಾಗಿ ಕೊಡುತ್ತಿರಬೇಕು.

ತೆಳು ಗಂಜಿಯ ಮೋಸ

ಏಳೂವರೆ ಕೆ.ಜಿ. ತೂಗುವ ಮಗುವಿನ ಹೊಟ್ಟೆ ಒಂದು ಸಲಕ್ಕೆ ಹಿಡಿಯೋದು ಸುಮಾರು 225 ಮಿ.ಲೀ., ಅಂದ್ರೆ ಒಂದು ಲೋಟಕ್ಕಿಂತ ಸ್ವಲ್ಪ ಹೆಚ್ಚು. ಆ ಜಾಗದಲ್ಲಿ ಏನು ತುಂಬುತ್ತೇವೆ ಅನ್ನೋದೇ ಮುಖ್ಯ.

100 ಮಿ.ಲೀ. ಎದೆಹಾಲಿನಲ್ಲಿ 65–70 ಕಿಲೋಕ್ಯಾಲೊರಿ ಇರುತ್ತದೆ. 10 ಗ್ರಾಂ ರಾಗಿ ಹಿಟ್ಟನ್ನು ಒಂದು ಲೋಟ ನೀರಿನಲ್ಲಿ ಕುದಿಸಿ ತೆಳ್ಳಗೆ ಕುಡಿಸಿದರೆ ಆ ಇಡೀ ಲೋಟದಲ್ಲಿ ಇರೋದು 32. ಹೊಟ್ಟೆ ತುಂಬಿತು, ಶಕ್ತಿ ಮಾತ್ರ ಹಾಲಿನ ಕಾಲು ಭಾಗ. ಮೇಲಾಗಿ ಹೊಟ್ಟೆ ತುಂಬಿದ ಮಗು ಹಾಲನ್ನೂ ಬೇಡ ಅನ್ನುತ್ತದೆ. ಬೇಳೆಕಟ್ಟು, ಅನ್ನದ ತಿಳಿಯ ಕಥೆಯೂ ಇದೇ. ಅದೇ 20 ಗ್ರಾಂ ಹಿಟ್ಟನ್ನು ಮುಕ್ಕಾಲು ಲೋಟ ನೀರಿನಲ್ಲಿ ಗಟ್ಟಿಯಾಗಿ ಬೇಯಿಸಿ, ಒಂದು ಸಣ್ಣ ಚಮಚ ತುಪ್ಪ ಹಾಕಿದರೆ 110ರ ಹತ್ತಿರ ಬರುತ್ತದೆ. ಹಾಲಿಗೆ ಸರಿಸಮ. ಪರೀಕ್ಷೆ ಸುಲಭ: ಚಮಚ ಓರೆ ಮಾಡಿದರೆ ಊಟ ತಟಕ್ಕನೆ ಸುರಿದುಹೋಗಬಾರದು.

ನಮ್ಮ ಅಜ್ಜಿಯರು ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸುತ್ತಿದ್ದರಲ್ಲ, ಅದರ ಹಿಂದೆ ಗಟ್ಟಿ ವಿಜ್ಞಾನ ಇದೆ. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುತ್ತದೆ. ಹಾಗಾಗಿ ಹೆಚ್ಚು ಹಿಟ್ಟು ಹಾಕಿದರೂ ಸರಿ ಅಂಟುಂಡೆಯಾಗದೆ ನುಂಗಲು ಹಗುರವಾಗಿರುತ್ತದೆ. ಕಬ್ಬಿಣ ದೇಹಕ್ಕೆ ಹತ್ತದಂತೆ ತಡೆಯುವ ಫೈಟೇಟ್ ಅಂಶವೂ ಕಡಿಮೆಯಾಗುತ್ತದೆ.

ಆದರೆ ದಿನಾ ಮೂರು ಹೊತ್ತು ರಾಗಿ ಸರಿ ಒಂದೇ ಆದರೆ ಸಾಲದು. ಬೇಳೆ, ಸೊಪ್ಪು, ಹಳದಿ ಬಣ್ಣದ ತರಕಾರಿ ಮತ್ತು ಹಣ್ಣು, ಮೊಸರು ಬೇಕು. ಮೇಲೆ ನಾಲ್ಕು ಹನಿ ನಿಂಬೆ ಹಿಂಡಿದರೆ ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ಮೊಟ್ಟೆ, ಮೀನು, ಮಾಂಸದಂಥವು ಈ ವಯಸ್ಸಿಗೆ ದಿನವೂ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿ ಹೇಳುತ್ತದೆ. ಶಾಲೆಯ ಮೊಟ್ಟೆಗೇ ನಮ್ಮ ರಾಜ್ಯದಲ್ಲಿ ಎಷ್ಟು ಗದ್ದಲ ಆಯಿತು ಅಂತ ನೆನಪಿದೆಯಲ್ಲ? ಶಾಲೆಗೆ ಬರುವ ಎಷ್ಟೋ ವರ್ಷ ಮೊದಲೇ ಮಗುವಿಗೆ ಅದು ಬೇಕಾಗಿರುತ್ತದೆ. ಒಂದು ವರ್ಷದವರೆಗೆ ಜೇನುತುಪ್ಪ ಬೇಡ, ಬೊಟುಲಿಸಂ ಎಂಬ ಅಪಾಯಕಾರಿ ಕಾಯಿಲೆಯ ಭಯ ಇದೆ. ಇಡೀ ಶೇಂಗಾ, ಇಡೀ ದ್ರಾಕ್ಷಿ ಗಂಟಲಿಗೆ ಸಿಕ್ಕಿಕೊಳ್ಳುತ್ತವೆ.

ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಿಗೆ ವಾರಕ್ಕೆ ಎರಡು ಸಲ 1 ಮಿ.ಲೀ. ಕಬ್ಬಿಣದ ಸಿರಪ್ ಕೊಡುವ ಸರ್ಕಾರಿ ಕಾರ್ಯಕ್ರಮವೂ ಇದೆ. ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ ಪಡೆಯಿರಿ.

ಡಬ್ಬಿ ಹೇಳುವ ಸುಳ್ಳು ಧೈರ್ಯ

ಎರಡು ವರ್ಷದೊಳಗಿನ ಮಕ್ಕಳ ಹಾಲಿನ ಪುಡಿ, ಬಾಟಲಿ, ಡಬ್ಬಿ ಆಹಾರದ ಜಾಹೀರಾತು ಭಾರತದಲ್ಲಿ ನಿಷಿದ್ಧ. 1992ರ ಕಾನೂನು, 2003ರಲ್ಲಿ ಇನ್ನಷ್ಟು ಬಿಗಿಯಾಯಿತು. ಉಚಿತ ಸ್ಯಾಂಪಲ್ ಕೊಡುವಂತಿಲ್ಲ, ಡಬ್ಬಿ ಮೇಲೆ ಮಗುವಿನ ಫೋಟೊ ಹಾಕುವಂತಿಲ್ಲ. ಹಾಗಿದ್ದೂ 2024ರ ಏಪ್ರಿಲ್‌ನಲ್ಲಿ ಸ್ವಿಟ್ಜರ್ಲೆಂಡಿನ ಪಬ್ಲಿಕ್ ಐ ಸಂಸ್ಥೆ ಒಂದು ವರದಿ ತಂದಿತು: ನೆಸ್ಲೆಯ ಸೆರೆಲಾಕ್‌ನ ಭಾರತದ ಮಾದರಿಗಳಲ್ಲಿ ಸೇರಿಸಿದ ಸಕ್ಕರೆ ಇತ್ತು, ಯುರೋಪಿನ ತನ್ನ ಮುಖ್ಯ ಮಾರುಕಟ್ಟೆಗಳಲ್ಲಿ ಕಂಪನಿ ಅಂಥದ್ದನ್ನು ಸಕ್ಕರೆ ಸೇರಿಸದೆ ಮಾರುತ್ತಿತ್ತು. ಐದು ವರ್ಷಗಳಲ್ಲಿ ಸಕ್ಕರೆ ಕಡಿಮೆ ಮಾಡುತ್ತಾ ಬಂದಿದ್ದೇವೆ ಅಂತ ಕಂಪನಿ ಉತ್ತರಿಸಿತು. ಎಂಟು ಗಂಟೆ ಹೊರಗೆ ದುಡಿದು ಬರುವ ತಾಯಿ ಡಬ್ಬಿ ಕೊಂಡರೆ ಅವಳನ್ನು ದೂರಬೇಡಿ. ಅವಳಿಗೆ ಸಮಯವಿಲ್ಲದಂತೆ ಮಾಡಿದ್ದು ಯಾರು ಅಂತ ಕೇಳಿ.

ಸರ್ಕಾರದ ಲೆಕ್ಕ

ಎದೆಹಾಲು ಬೇಡಿಕೆ ಇದ್ದಷ್ಟೇ ತಯಾರಾಗುತ್ತದೆ. ಗಂಟೆಗಟ್ಟಲೆ ಕುಡಿಸದೆ, ಹಿಂಡದೆ ಇದ್ದರೆ ಕ್ರಮೇಣ ಇಳಿಯುತ್ತದೆ. ಹಿಂಡಿದ ಹಾಲನ್ನು ಹೊರಗಿಟ್ಟರೆ ನಾಲ್ಕು ಗಂಟೆಯೊಳಗೆ, ಫ್ರಿಜ್ಜಿನಲ್ಲಿಟ್ಟರೆ ಒಂದು ದಿನದೊಳಗೆ ಬಳಸಬಹುದು. ಬಾಟಲಿಗಿಂತ ಒಳಲೆ ಅಥವಾ ಸಣ್ಣ ಲೋಟ ಒಳ್ಳೆಯದು. ಆದರೆ ಹಿಂಡೋದು ಎಲ್ಲಿ? ರಜೆ ಮುಗಿಸಿ ಹೋದಾಗ ನನಗೆ ಆಫೀಸಿನಲ್ಲಿ ಚಿಲಕ ಇದ್ದ ಜಾಗ ಅಂತ ಸಿಕ್ಕಿದ್ದು ಶೌಚಾಲಯ ಒಂದೇ. ಊಟವನ್ನು ಶೌಚಾಲಯದಲ್ಲಿ ತಯಾರಿಸಿ ಅಂತ ಬೇರೆ ಯಾರಿಗಾದರೂ ಹೇಳುತ್ತೇವಾ?

2017ರ ತಿದ್ದುಪಡಿ ಹೆರಿಗೆ ರಜೆಯನ್ನು 12ರಿಂದ 26 ವಾರಕ್ಕೆ ಏರಿಸಿತು. 50 ಅಥವಾ ಹೆಚ್ಚು ಉದ್ಯೋಗಿಗಳಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದು. ಮಗುವಿಗೆ 15 ತಿಂಗಳಾಗುವವರೆಗೆ ಹಾಲುಣಿಸಲು ದಿನಕ್ಕೆ ಎರಡು ಬಿಡುವು ಹಕ್ಕು. ಇವು ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇವೆ. ಒಂದು ಸೂಕ್ಷ್ಮ: 26ರಲ್ಲಿ 8 ವಾರ ಹೆರಿಗೆಗೆ ಮೊದಲೇ ತೆಗೆದುಕೊಂಡರೆ ಉಳಿಯೋದು 18. ಆಗ ಮಗುವಿಗೆ ಇನ್ನೂ ನಾಲ್ಕು ತಿಂಗಳು.

ಇದೂ ಅದೃಷ್ಟವಂತರ ಕಥೆ. ಹೊಲದ ಕೂಲಿಗೆ, ಮನೆಗೆಲಸಕ್ಕೆ ಹೋಗುವ ತಾಯಿಗೆ ಸಂಬಳದ ರಜೆಯೇ ಇಲ್ಲ. ಅವಳಿಗಿರೋದು ಮಾತೃವಂದನಾ ಯೋಜನೆ: ಮೊದಲ ಮಗುವಿಗೆ 5,000 ರೂ., ಎರಡನೆಯದು ಹೆಣ್ಣಾದರೆ ಮಾತ್ರ 6,000 ರೂ. ಐದು ಸಾವಿರವನ್ನು 26 ವಾರಕ್ಕೆ ಹಂಚಿದರೆ ದಿನಕ್ಕೆ 28 ರೂಪಾಯಿಯೂ ಬರಲ್ಲ. 2013ರ ಆಹಾರ ಭದ್ರತಾ ಕಾಯ್ದೆ ಹೇಳುವ ಕನಿಷ್ಠ ಮೊತ್ತವೇ 6,000 ರೂ.

ಇನ್ನು ಊಟ. ಅದೇ ಕಾಯ್ದೆ ತಾಯಿಗೆ ಅಂಗನವಾಡಿ ಊಟ ಕೊಡೋದು ಹೆರಿಗೆಯಾದ ಆರು ತಿಂಗಳವರೆಗೆ ಮಾತ್ರ. ನಮ್ಮ ರಾಜ್ಯದಲ್ಲಿ 2017ರಲ್ಲಿ ಶುರುವಾದ ಮಾತೃಪೂರ್ಣ ಯೋಜನೆಯೂ ಅಲ್ಲಿಗೇ ನಿಲ್ಲುತ್ತದೆ. ಆದರೆ ಹಾಲುಣಿಸುವ ತಾಯಿಗೆ 7ರಿಂದ 12ನೇ ತಿಂಗಳಲ್ಲೂ ದಿನಕ್ಕೆ 520 ಕಿಲೋಕ್ಯಾಲೊರಿ ಹೆಚ್ಚುವರಿ ಬೇಕು ಅಂತ ಹೇಳಿರೋದು ಸರ್ಕಾರದ್ದೇ ಸಂಸ್ಥೆ, ಐಸಿಎಂಆರ್. ಎರಡು ವರ್ಷ ಹಾಲು ಕುಡಿಸು ಅಂತ ಗೋಡೆ ಮೇಲೆ ಬರೆಸಿ, ಆರು ತಿಂಗಳಿಗೆ ಅವಳ ತಟ್ಟೆ ಎತ್ತಿಡೋದು ಯಾವ ಲೆಕ್ಕ?

ಫಲಿತಾಂಶ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿದೆ. 6–8 ತಿಂಗಳ ಮಕ್ಕಳಲ್ಲಿ ಎದೆಹಾಲು ಮತ್ತು ಊಟ ಎರಡೂ ಸಿಗುತ್ತಿದ್ದದ್ದು ಶೇ. 45.9ರಷ್ಟು ಮಕ್ಕಳಿಗೆ. 6–23 ತಿಂಗಳವರಲ್ಲಿ ಸಾಕಷ್ಟು ಆಹಾರ ಸಿಕ್ಕಿದ್ದು ಶೇ. 11.3 ಮಕ್ಕಳಿಗೆ ಮಾತ್ರ. ಐದು ವರ್ಷದೊಳಗಿನವರಲ್ಲಿ ರಕ್ತಹೀನತೆ ದೇಶದಲ್ಲಿ ಶೇ. 67.1, ಕರ್ನಾಟಕದಲ್ಲಿ ಶೇ. 65.5. ಇಷ್ಟು ತಾಯಂದಿರಿಗೂ ಅಡುಗೆ ಬರಲ್ಲ ಅಂತ ನಂಬೋದಾದರೆ ಸರಿ, ಇಲ್ಲದಿದ್ದರೆ ಕಾರಣ ಬೇರೆ ಕಡೆ ಇದೆ.

ಏನು ಕೇಳಬೇಕು?

ಮನೆಯಲ್ಲಿ ಸರಿ ಕಾಯಿಸೋದು, ತಿನ್ನಿಸೋದು, ಬಟ್ಟಲು ತೊಳೆಯೋದು ಗಂಡಸರೂ ಮಾಡಬಹುದಾದ ಕೆಲಸ. ತಾಯಿಯಿಂದ ಮಾತ್ರ ಆಗೋದು ಹಾಲು ಒಂದೇ. ನೀವು ಕೆಲಸ ಮಾಡುವ ಕಡೆ 50 ಜನ ಇದ್ದರೆ ಶಿಶುಪಾಲನಾ ಕೇಂದ್ರ ಎಲ್ಲಿ ಅಂತ ಕೇಳಿ, ಮಕ್ಕಳಿಲ್ಲದವರೂ ಕೇಳಿ. ಹಳ್ಳಿಗಳಲ್ಲಿ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ ಶುರುವಾದ ‘ಕೂಸಿನ ಮನೆ’ ನಿಮ್ಮ ಪಂಚಾಯಿತಿಯಲ್ಲಿ ತೆರೆದಿದೆಯೇ, ಬೀಗ ಬಿದ್ದಿದೆಯೇ ಅಂತ ಗ್ರಾಮಸಭೆಯಲ್ಲಿ ವಿಚಾರಿಸಿ. ಮುಂದಿನ ಚುನಾವಣೆಗೆ ಮತ ಕೇಳಲು ಬಂದವರ ಮುಂದೆ ಇಡಲು ಒಂದೇ ಸಾಲಿನ ಬೇಡಿಕೆ ಸಾಕು: ಮಗು ಹಾಲು ಕುಡಿಯುವಷ್ಟು ಕಾಲ ತಾಯಿಗೂ ಊಟ ಕೊಡಿ.